ಒಂದು ಹೆಡ್‌ಲೈಟು, ಒಂದು ಕಿಲೋ ಮೆಣಸಿನಕಾಯಿ

ನನ್ನ ಎದೆಗೂ ಲಾರಿಯ ಗೇರ್‌ಬಾಕ್ಸಿಗೂ ನಾಲ್ಕೇ ಬೆರಳು ಅಂತರ!

ಕೆಳಗೆ ನಾನು. ಮೇಲೆ ಐದು ಟನ್ನಿನ ಲಾರಿ. ನಡುವೆ ಎಣ್ಣೆ ಸೋರುವ ಒಂದು ಜಾಕ್.

ಜಾಕಿನ ಹಿಡಿ ಬಲ್ಬ್ ಬಂದುಲನ ಕೈಯಲ್ಲಿತ್ತು. ಕೊಲಂಬೋದ ಪಾರ್ಟ್ಸ್ ಪೇಟೆ ಪಂಚಿಕಾವತ್ತದಲ್ಲಿ ಹೆಡ್‌ಲೈಟ್ ಎಂದರೆ ಬಂದುಲ. ಬೆಳಿಗ್ಗೆ ನಿಮ್ಮ ಕಾರಿನ ಹೆಡ್‌ಲೈಟ್ ಕಳುವಾದರೆ, ಮಧ್ಯಾಹ್ನ ಅವನ ಅಂಗಡಿಗೆ ಹೋಗಿ, ನಿಮ್ಮದನ್ನೇ ದುಡ್ಡು ಕೊಟ್ಟು ಕೊಂಡು, ಥ್ಯಾಂಕ್ಸ್ ಹೇಳಿ ಬರುತ್ತೀರಿ. ಅಂಥ ಆಸಾಮಿ. ಬೆಳಿಗ್ಗೆ ಎಂಟಕ್ಕೆ ಚಹಾಕ್ಕೆ ಬಾ ಎಂದು ಕರೆದಿದ್ದ. ಬಂದೆ. ಅವನ ಇಬ್ಬರು ಮೆಕ್ಯಾನಿಕ್‌ಗಳು ನನ್ನನ್ನು ಲಾರಿಯ ಕೆಳಗೆ ನೂಕಿ ಕಾಲ ಮೇಲೆ ಕೂತುಬಿಟ್ಟರು. ಚಹಾ ಮಾತ್ರ ಬರಲಿಲ್ಲ.

"ಹೇಳು ಟೆರಿ! ಆ ಲೈಟು ಯಾರಿಗೆ ಕೊಟ್ಟೆ?"

"ಗಿರಾಕಿ ಹೆಸರು ಹೇಳಲ್ಲ. ನನ್ನ ರೂಲು ನಿಂಗೊತ್ತು."

ಜಾಕ್ ಉಸ್ಸೆಂದಿತು.

ಮೂರು ಬೆರಳು!

ನಾನು ಟೆರೆನ್ಸ್ ಯಾನ್ಸ್. ಹದಿನೆಂಟು ವರ್ಷ ಪೊಲೀಸ್ ಸಾರ್ಜೆಂಟ್ ಆಗಿದ್ದವನು. ಈಗ ಹುಡುಕಿಕೊಡುವವನು. ಯಾರದೋ ಕಾರಿಗೆ ಒಂದು ಪಾರ್ಟ್ ಬೇಕು... ಎಲ್ಲೂ ಸಿಗುವುದಿಲ್ಲ... ನನಗೆ ಫೋನ್ ಮಾಡುತ್ತಾರೆ. ನಾನು ಬಂದುಲನಿಗೆ ಹೇಳುತ್ತೇನೆ. ಎರಡು ದಿನದಲ್ಲಿ ಪಾರ್ಟ್ ಹಾಜರು. ನನಗಿರುವುದು ಎರಡೇ ರೂಲು. ಯಾರಿಗೆ ಕೊಟ್ಟೆ ಎಂದು ಹೇಳುವುದಿಲ್ಲ. ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ನಗಬೇಡಿ ಸಾರ್, ಇವೆರಡರಿಂದಲೇ ನನ್ನ ಹೊಟ್ಟೆ ತುಂಬುತ್ತಿತ್ತು.

ಬಂದುಲ ಬಗ್ಗಿ ಲಾರಿಯ ಕೆಳಗೆ ತಲೆ ತೂರಿಸಿದ. ನನ್ನ ತುಟಿಯ ಮೇಲೆ ಒಂದು ಹನಿ ಬಿತ್ತು. ಎಣ್ಣೆಯಲ್ಲ. ಉಪ್ಪುಪ್ಪು!

"ಏನೋ ಇದು? ಸಾಯೋನು ನಾನು, ಅಳೋನು ನೀನಾ?"

"ನಾನೂ ಸಾಯ್ತೀನಿ ಕಣೋ! ಇವತ್ತು ಬುಧವಾರ! ಮಧ್ಯಾಹ್ನ ಹನ್ನೆರಡಕ್ಕೆ ಪದ್ಮಶೀಲಿ ಟೀಚರ್ ಸೀನಿಗಮದಲ್ಲಿ ಮೆಣಸಿನಕಾಯಿ ಅರೀತಾರೆ!"

"ಯಾರಿಗೆ?"

"ಲೈಟ್ ಕದ್ದೋನಿಗೆ! ಅಂದ್ರೆ ನಂಗೆ! ಅದು ನಾನೇ ಅಂತ ಅವ್ರಿಗೆ ಗೊತ್ತಿಲ್ಲ. ಗೊತ್ತಿಲ್ದಿದ್ರೂ ಹಿಡಿಯುತ್ತಲ್ಲೋ ಅದು!"

ನಮ್ಮ ಕಡೆ ಹಾಗೆ ಸಾರ್. ಪೊಲೀಸರಿಂದ ಆಗದಿದ್ದರೆ ಜನ ಸೀನಿಗಮದ ಗುಡಿಗೆ ಹೋಗುತ್ತಾರೆ. ಬುಧವಾರ ಇಲ್ಲವೇ ಶನಿವಾರ, ದೇವೋಲ್ ದೇವರ ಮುಂದೆ, ಕಲ್ಲಿನ ಮೇಲೆ, ಕದ್ದವನನ್ನು ನೆನೆದು ಮೆಣಸಿನಕಾಯಿ ಅರೆಯುತ್ತಾರೆ. ಅವತ್ತಿನಿಂದ ಅವನಿಗೆ ಮೈಯೆಲ್ಲ ಉರಿ. ಕೂತರೆ ಉರಿ, ನಿಂತರೆ ಉರಿ. ನಾನು ಠಾಣೆಯಲ್ಲಿದ್ದಾಗ, ಲಾಠಿಗೆ ಹೆದರದ ಕಳ್ಳರು ಸೀನಿಗಮ ಎಂದ ಕೂಡಲೇ ಕದ್ದ ಬಳೆ ತಂದು ಮೇಜಿನ ಮೇಲಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬಂದುಲ ಬಿಕ್ಕುತ್ತ ಕತೆ ಹೇಳಿದ. ನುಗೇಗೊಡದಲ್ಲಿ ಹಲ್ಲು ಡಾಕ್ಟರರ ಮನೆಮುಂದೆ ನಿಂತಿದ್ದ ಕಾರಿನಿಂದ ಆ ಹೆಡ್‌ಲೈಟ್ ಕಿತ್ತಿದ್ದ. ಸೋಮವಾರ ಆ ಕಾರಿನ ಒಡತಿ ಅವನ ಅಂಗಡಿಗೇ ಬಂದರು. ನೋಡಿದರೆ ನಾಲ್ಕನೇ ಕ್ಲಾಸಿನಲ್ಲಿ ಅವನಿಗೆ ಮಗ್ಗಿ ಕಲಿಸಿದ ಟೀಚರ್!

"'ಬಂದುಲ, ನನ್ನ ಕಾರಿಗೆ ಎಡಗಡೆ ಲೈಟ್ ಎಷ್ಟಪ್ಪಾ?' ಅಂದ್ರು. ಮೂರು ಲಕ್ಷ ಎಂಬತ್ತು ಸಾವಿರ ಅಂದೆ. ವಾರಕ್ಕೆರಡು ಸಲ ತಂಗೀನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಾರಂತೆ. ವಾಪಸ್ ಬರೋವಾಗ ಕತ್ತಲಾಗುತ್ತಂತೆ. ಆಮೇಲೆ ಕನ್ನಡಕ ಒರೆಸ್ಕೊಂಡು, 'ನನ್ನ ಪೆನ್ಶನ್‌ಗೆ ಲೈಟ್ ಬರಲ್ಲ. ಒಂದು ಕಿಲೋ ಮೆಣಸಿನಕಾಯಿ ಬರುತ್ತೆ' ಅಂದ್ರು!"

"ಅವಾಗ್ಲೇ ವಾಪಸ್ ಕೊಡ್ಬೇಕಿತ್ತು!"

"ಭಾನುವಾರವೇ ನೀನು ತಗೊಂಡು ಹೋಗಿದ್ಯಲ್ಲೋ ಪಾಪಿ!"

ನಾನು ನಕ್ಕೆ. ಮೂರು ಬೆರಳಿನ ಜಾಗದಲ್ಲಿ ಎಷ್ಟು ನಗಬಹುದೋ ಅಷ್ಟು. "ನಾನು ಚರ್ಚಿಗೆ ಹೋಗೋನು ಬಂದುಲ. ನಿಮ್ಮ ಮೆಣಸಿನಕಾಯಿಗೆ ನನ್ನ ಅಡ್ರೆಸ್ ಗೊತ್ತಿಲ್ಲ."

"ಕದ್ದೋನು, ಮಾರಿಸ್ದೋನು, ಇಟ್ಕೊಂಡೋನು... ಮೂವರಿಗೂ ಹಿಡಿಯುತ್ತೆ. ಮೆಣಸಿನಕಾಯಿ ಯಾವ ಧರ್ಮ ಅಂತ ಕೇಳುತ್ತೇನೋ? ನಿಜ ಹೇಳು... ಬೆಳಿಗ್ಗೆಯಿಂದ ನಾಲಿಗೆ ಉರೀತಾ ಇಲ್ವಾ ನಿಂಗೆ?"

ಉರಿಯುತ್ತಿತ್ತು ಸಾರ್! ಬೆಳಿಗ್ಗೆ ಅಪ್ಪಕ್ಕೆ ಹಚ್ಚಿಕೊಂಡು ತಿಂದ ಖಾರದ ಚಟ್ನಿ ಎಂದುಕೊಂಡಿದ್ದೆ. ಈಗ ಆ ಉರಿ ಗಂಟಲಿಗೆ ಇಳಿಯಿತು. ಅಲ್ಲಿಂದ ಹೊಟ್ಟೆಗೆ. ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

"ಜಾಕ್ ಎತ್ತು," ಎಂದೆ. "ಅಂಬಲಂಗೊಡ. ದಾಲ್ಚಿನ್ನಿ ವ್ಯಾಪಾರಿ ವಿಜೇಮುನಿ. ಇವತ್ತೇ ಮಗಳ ಮದುವೆ. ಆ ಲೈಟು ಮದುವೆ ಕಾರಿನ ಮೂತಿಯಲ್ಲಿದೆ."

ಒಂದನೇ ರೂಲು ಅಲ್ಲಿಗೆ ಮುಗಿಯಿತು.

ಅಂಬಲಂಗೊಡಕ್ಕೆ ಎಂಬತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿಂದ ಸೀನಿಗಮಕ್ಕೆ ಇನ್ನೊಂದು ಹತ್ತು. ಬಂದುಲನ ವ್ಯಾನಿನ ಗೇರ್‌ಬಾಕ್ಸ್ ಅವನೇ ಮಾರಿಕೊಂಡಿದ್ದ. ಉಳಿದದ್ದು ನನ್ನ ಗಾಡಿ.

ನನ್ನ ಅಪ್ಪನ ಮೋರಿಸ್ ಮೈನರ್! ಐವತ್ತೇಳನೇ ಇಸವಿಯದು. ಮುಂದೆ ಎರಡು ದುಂಡು ಗಾಜಿನ ಹೆಡ್‌ಲೈಟು, ಅಪ್ಪ ಕೊಂಡಾಗ ಇದ್ದವೇ ಈಗಲೂ. ಅಪ್ಪ ಪ್ರತಿ ಭಾನುವಾರ ಅವುಗಳನ್ನು ತನ್ನ ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದ. ಅವನು ಹೋದ ಮೇಲೆ ನಾನು ಒರೆಸುತ್ತೇನೆ. ಇಡೀ ಗಾಡಿಯಲ್ಲಿ ಹೊಸದೆಂದರೆ ಬಲಗಡೆಯ ಕನ್ನಡಿ ಮಾತ್ರ. ಯಾವುದೋ ಜಪಾನಿ ಕಾರಿನದು. ಹೋದ ವರ್ಷ ಬಂದುಲನೇ ನಾಲ್ಕು ಸ್ಕ್ರೂ ಹೊಡೆದು ಕೂರಿಸಿಕೊಟ್ಟಿದ್ದ. ಎಲ್ಲಿಂದ ಬಂತೆಂದು ನಾನು ಕೇಳಿರಲಿಲ್ಲ.

ಗಾಲೆ ರಸ್ತೆ. ಗಂಟೆಗೆ ಐವತ್ತು. ಇಳಿಜಾರಿದ್ದರೆ ಅರವತ್ತು.

"ಇನ್ನೂ ಜೋರಾಗಿ ಓಡ್ಸೋ!"

"ಇಷ್ಟೇ ಓಡೋದು. ಆದ್ರೆ ಅರವತ್ತು ವರ್ಷದಿಂದ ಓಡ್ತಾ ಇದೆ. ಹೆಡ್‌ಲೈಟ್ ನೋಡು... ಒಂದು ಗೆರೆ ಇದೆಯಾ? ಗಾಜು ಅಂದ್ರೆ ಅದು! ನಿನ್ನ ಪ್ಲಾಸ್ಟಿಕ್ಕು ಐದು ವರ್ಷಕ್ಕೆ ಕಾಮಾಲೆ ಬಂದ ಹಾಗೆ ಹಳದಿ."

ಸಾಯುವ ಭಯದಲ್ಲೂ ಬಂದುಲನ ಒಳಗಿನ ವ್ಯಾಪಾರಿ ಎದ್ದು ಕೂತ. "ಗಾಜಿಗೆ ಒಂದು ಕಲ್ಲು ಬಿದ್ರೆ ಢಮಾರ್! ಪ್ಲಾಸ್ಟಿಕ್‌ಗೆ ಬಂಡೆ ಬಿದ್ರೂ ಏನಾಗಲ್ಲ!"

"ಗಾಜು ಒಡೆದ್ರೆ ಗಾಜು ಮಾತ್ರ ಹಾಕಿಸ್ಬೇಕು. ಅಪ್ಪನ ಕಾಲದಲ್ಲಿ ಹದಿನೆಂಟು ರೂಪಾಯಿ. ನಿನ್ನದು ಒಂದು ಮೂಲೆ ಮುಕ್ಕಾದ್ರೆ ಪೂರ್ತಿ ಡಬ್ಬಾನೇ ಬದಲಾಯಿಸ್ಬೇಕು. ಒಂದು ಬೈಕಿನ ರೇಟು!"

"ಅದಕ್ಕೇ ತಾನೇ ಇಬ್ರೂ ಊಟ ಮಾಡ್ತಿರೋದು? ಎಲ್ರೂ ಗಾಜು ಹಾಕಿಸ್ಕೊಂಡಿದ್ರೆ ನೀನೂ ನಾನೂ ಬೀಚಲ್ಲಿ ಕಡಲೆ ಮಾರ್ಬೇಕಿತ್ತು!"

ಮಾತು ಸರಿಯಾಗಿತ್ತು. ಕಳುತರದಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಎರಡೆರಡು ಎಳನೀರು ಕುಡಿದೆವು. ಉರಿ ಇಳಿಯಲಿಲ್ಲ.

ಹನ್ನೊಂದೂ ಐದಕ್ಕೆ ಅಂಬಲಂಗೊಡ. ಮದುವೆ ಹಾಲಿನ ಮುಂದೆ ಆ ಕಾರು ನಿಂತಿತ್ತು. ಬಿಳಿ ಬಣ್ಣ, ರಿಬ್ಬನ್ನು, ಬಾನೆಟ್ಟಿನ ಮೇಲೆ ಹೂವಿನ ರಾಶಿ. ಟೀಚರ ಹೆಡ್‌ಲೈಟ್ ಎಡಗಡೆ ಫಳಫಳ ಹೊಳೆಯುತ್ತಿತ್ತು.

ಮೊದಲು ಮರ್ಯಾದೆಯಿಂದಲೇ ಕೇಳೋಣ ಎಂದು ನಾನು ಒಳಗೆ ಹೋದೆ. ವಿಜೇಮುನಿ ರೇಷ್ಮೆ ಶರಟಿನಲ್ಲಿ ಬೆವರುತ್ತ ಓಡಾಡುತ್ತಿದ್ದ.

"ಸಾಹುಕಾರ್ರೇ, ಆ ಲೈಟ್ ವಾಪಸ್ ಬೇಕು. ನಿಮ್ಮ ದುಡ್ಡು ಪೂರ್ತಿ ಕೊಡ್ತೀನಿ."

"ತಲೆ ಕೆಟ್ಟಿದೆಯೇನ್ರೀ? ಹನ್ನೊಂದೂ ನಲವತ್ತೆರಡಕ್ಕೆ ಮಗಳು ಹೊರಡೋ ಮುಹೂರ್ತ! ಒಂಟಿಕಣ್ಣಿನ ಕಾರಲ್ಲಿ ಕಳಿಸ್ಲಾ ಅವಳನ್ನ? ಬೀಗರು ಏನಂತಾರೆ?"

"ಒಂದು ಮಾತು ಕೇಳಿ, ಅದು ಸೀನಿ..."

ಅಷ್ಟರಲ್ಲಿ ಡೋಲಿನವರು ಶುರು ಮಾಡಿದರು! ಆರು ಡೋಲು, ನನ್ನ ಕಿವಿಯಿಂದ ಆರು ಅಡಿ ದೂರದಲ್ಲಿ. ನಾನು ಬಾಯಿ ತೆರೆದೆ, ಮುಚ್ಚಿದೆ. ವಿಜೇಮುನಿ ನನ್ನ ಕೈಗೊಂದು ಕೇಕಿನ ಪೊಟ್ಟಣ ತುರುಕಿ, ಬೆನ್ನ ಮೇಲೆ ಕೈಯಿಟ್ಟು ಹೊರಗೆ ದಬ್ಬಿದ.

ಹೊರಗೆ ಬಂದುಲ ಆಗಲೇ ನೆಲದ ಮೇಲೆ ಮಲಗಿ ಬಂಪರ್ ಬಿಚ್ಚುತ್ತಿದ್ದ.

"ಲೈಟ್ ಬಿಚ್ಚೋ ಅಂದ್ರೆ ಬಂಪರ್ ಯಾಕೋ?"

"ಈ ಕಾಲದ ಗಾಡಿ ಕಣಪ್ಪ. ಬಂಪರ್ ಬಿಚ್ದೆ ಲೈಟು ಬರಲ್ಲ. ಹತ್ತು ಕ್ಲಿಪ್ಪು, ಆರು ಸ್ಕ್ರೂ."

"ಕದಿಯೋವಾಗ ಎಷ್ಟು ಹೊತ್ತಾಯ್ತು?"

"ನಾಲ್ಕು ನಿಮಿಷ. ಬಿಚ್ಚಲಿಲ್ಲ, ಕಿತ್ತೆ. ಹಿಡ್ಕೊಳ್ಳೋ ಪ್ಲಾಸ್ಟಿಕ್ ಕಿವಿ ಒಂದು ಮುರಿದು ಅಲ್ಲೇ ಉಳೀತು. ಈಗ ಹಾಗೆ ಕಿತ್ತು ಇನ್ನೊಂದು ಕಿವಿ ಮುರಿದ್ರೆ ಟೀಚರ್ ಏನಂತಾರೆ?"

ಇಪ್ಪತ್ತೈದು ನಿಮಿಷ! ಒಳಗೆ ಮಂತ್ರ, ಡೋಲು, ಚಪ್ಪಾಳೆ. ಹೊರಗೆ ನಾನು ಕೇಕ್ ತಿನ್ನುತ್ತ ಕಾವಲು. ಬಂದವರಿಗೆಲ್ಲ, "ಸರ್ವೀಸು... ಉಚಿತ ಸರ್ವೀಸು..." ಎನ್ನುತ್ತಿದ್ದೆ. ಕೊನೆಗೂ ಲೈಟು ಕೈಗೆ ಬಂತು. ಕಾರಿನ ಮೂತಿಯಲ್ಲಿ ದೊಡ್ಡ ತೂತು ಉಳಿಯಿತು.

ಆಗ ಹೊಳೆಯಿತು ನನಗೆ. ಹೀಗೇ ಬಿಟ್ಟು ಹೋದರೆ ಶನಿವಾರ ವಿಜೇಮುನಿ ಸೀನಿಗಮಕ್ಕೆ ಬರುತ್ತಾನೆ! ಟೀಚರು ಪೆನ್ಶನ್ನಿನವರು, ಒಂದು ಕಿಲೋ ತರುತ್ತಾರೆ. ಇವನು ಸಾಹುಕಾರ, ಮೂಟೆಯೇ ತರುತ್ತಾನೆ.

ಬಂದುಲ ನನ್ನನ್ನು ನೋಡಿದ. ಆಮೇಲೆ ನನ್ನ ಮೋರಿಸನ್ನು ನೋಡಿದ.

"ಬೇಡ," ಎಂದೆ.

"ಮೂರೇ ಸ್ಕ್ರೂ ಟೆರಿ. ಎರಡು ನಿಮಿಷ."

"ಅದು ನಮ್ಮಪ್ಪಂದು ಕಣೋ!"

ಬಂದುಲ ಸ್ಕ್ರೂಡ್ರೈವರ್ ಚಾಚಿದ. ನಾನೇ ಬಿಚ್ಚಿದೆ ಸಾರ್. ಹದಿನೆಂಟು ವರ್ಷದ ಪೊಲೀಸ್ ಕೆಲಸದಲ್ಲಿ ಒಮ್ಮೆಯೂ ಅಳದವನು, ಅವತ್ತು ಕಣ್ಣೊರೆಸಿಕೊಂಡು ಆ ದುಂಡು ಗಾಜನ್ನು ತೂತಿನೊಳಗೆ ಕೂರಿಸಿದೆ. ಸುತ್ತ ಮದುವೆಯ ರಿಬ್ಬನ್ ತುರುಕಿ, ಟೇಪ್ ಸುತ್ತಿ, ವೈರ್ ಹೆಣೆದೆ. ಒಂದು ಕಣ್ಣು ಸಿನಿಮಾ ನಟಿಯದು, ಇನ್ನೊಂದು ಗೂಬೆಯದು!

ಬಂಪರಿಗೆ ಇನ್ನೂ ಒಂದು ಕ್ಲಿಪ್ಪೂ ಹಾಕಿರಲಿಲ್ಲ. ಬಾಗಿಲು ತೆರೆಯಿತು. ಹನ್ನೊಂದೂ ನಲವತ್ತೆರಡು!

ಮುಂದೆ ಡೋಲು, ಹಿಂದೆ ಮದುಮಕ್ಕಳು, ಅವರ ಹಿಂದೆ ವಿಜೇಮುನಿ. ಅವನ ಕಣ್ಣು ಕಾರಿನ ಮೇಲೆ ಬಿತ್ತು. ಆಮೇಲೆ ಬಂದುಲನ ಕಂಕುಳಲ್ಲಿದ್ದ ಲೈಟಿನ ಮೇಲೆ.

"ಹಿಡೀರೋ ಕಳ್ಳರನ್ನ!"

ಓಡಿದೆವು! ಮೋರಿಸ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಪ್ಪ ಮೇಲಿಂದ ಕೈ ಜೋಡಿಸಿರಬೇಕು. ಕನ್ನಡಿಯಲ್ಲಿ ನೋಡುತ್ತೇನೆ... ವಿಜೇಮುನಿ ಸ್ಟಿಯರಿಂಗ್ ಮುಂದೆ, ಮದುಮಕ್ಕಳು ಹಿಂದಿನ ಸೀಟಿನಲ್ಲಿ! ಮುಹೂರ್ತ ತಪ್ಪಿಸುವಂತಿಲ್ಲವಲ್ಲ. ಸರಿಯಾದ ಗಳಿಗೆಗೇ ಹೊರಟರು. ನನ್ನನ್ನು ಹಿಡಿಯಲು!

ಹೊಸ ಕಾರು. ನನ್ನದಕ್ಕಿಂತ ಮೂರು ಪಟ್ಟು ವೇಗ. ಆದರೆ ಕ್ಲಿಪ್ಪಿಲ್ಲದ ಬಂಪರ್ ರಸ್ತೆ ಕೆರೆಯುತ್ತಿತ್ತು. ಐವತ್ತು ದಾಟಿದರೆ ಚಕ್ರದಡಿಗೆ ಹೋಗುತ್ತದೆ. ಹಾಗಾಗಿ ಅವನೂ ಐವತ್ತು, ನಾನೂ ಐವತ್ತು. ಪ್ರಾಣ ಕೈಯಲ್ಲಿ ಹಿಡಿದು ಓಡುತ್ತಿದ್ದ ನಮ್ಮನ್ನು ಆಟೋಗಳೆಲ್ಲ ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದವು.

ಢಬ್!

ಹಿಂದಿನ ಗಾಜು ಚೂರುಚೂರಾಯಿತು. ಒಂದು ತೆಂಗಿನಕಾಯಿ ಒಳಗೆ ಹಾರಿ ಬಂತು! ದಾರಿಗೆ ಒಡೆಯಲೆಂದು ಕಾರಿನಲ್ಲಿಟ್ಟ ಕಾಯಿಗಳು. ಮದುಮಗಳು ಎತ್ತಿಕೊಡುತ್ತಿದ್ದಳು, ಮದುಮಗ ಕಿಟಕಿಯಿಂದ ಎಸೆಯುತ್ತಿದ್ದ. ಮದುವೆಯಾಗಿ ಹತ್ತು ನಿಮಿಷವಾಗಿಲ್ಲ, ಎಂಥ ಹೊಂದಾಣಿಕೆ!

ಎರಡನೆಯ ಕಾಯಿ ನೇರ ಬಂದುಲನ ತೊಡೆಯ ಮೇಲಿದ್ದ ಹೆಡ್‌ಲೈಟಿಗೆ ಬಡಿಯಿತು. ಟಣ್ಣೆಂದು ಪುಟಿದು ನನ್ನ ಮೊಣಕೈಗೆ ಬಿತ್ತು.

"ಅಯ್ಯೋ! ಒಡೀತಾ?"

ಬಂದುಲ ಲೈಟನ್ನು ತಿರುಗಿಸಿ ನೋಡಿದ. ಮುಖ ಅರಳಿತು. "ಒಂದು ಗೀರಿಲ್ಲ! ನಿನ್ನ ಗಾಜಿನ ಗತಿ ನೋಡು, ಇದರ ಗತಿ ನೋಡು! ಈಗೇನಂತೀಯಾ?"

"ಬಾಯ್ಮುಚ್ಕೊಂಡು ತಲೆ ಬಗ್ಗಿಸೋ!"

ಹನ್ನೊಂದೂ ಐವತ್ತೈದು. ಸೀನಿಗಮ! ಟೀಚರ ಕಾರು ರಸ್ತೆಬದಿಯ ಮರದಡಿ ನಿಂತಿತ್ತು. ಎಡಗಡೆ ಖಾಲಿ ಗುಳಿ. ದೇವರಿಗೆ ಗಾಯ ತೋರಿಸಲೆಂದೇ ಅದರಲ್ಲಿ ಬಂದಿದ್ದರು. ಬಲಗಡೆ ಬಾಗಿಲಿಗೆ ಹಗ್ಗದಿಂದ ಏನೋ ಕಟ್ಟಿತ್ತು. ನೋಡಲು ಪುರುಸೊತ್ತಿರಲಿಲ್ಲ.

ಅರೆಯುವ ಕಲ್ಲಿನ ಮುಂದೆ ಪುಟ್ಟ ಜೀವ. ಬಿಳಿ ಸೀರೆ, ದಪ್ಪ ಕನ್ನಡಕ, ಪಕ್ಕದಲ್ಲಿ ಕೆಂಪು ರಾಶಿ. ಗುಂಡುಕಲ್ಲಿನ ಮೇಲೆ ಆಗಲೇ ಎರಡೂ ಕೈ!

"ಟೀಚರ್!" ಬಂದುಲ ಉದ್ದಕ್ಕೆ ಬಿದ್ದ. "ನಿಮ್ಮ ಲೈಟು ಸಿಕ್ತು!"

ಪದ್ಮಶೀಲಿ ಟೀಚರ್ ಕನ್ನಡಕ ಏರಿಸಿ ನೋಡಿದರು. ತಿರುಗಿಸಿ ನೋಡಿದರು. ವಾಪಸ್ ಕೊಟ್ಟರು.

"ನಂದಲ್ಲ ಇದು. ನಂದು ಹಳದಿ ಇತ್ತು. ಇದು ಹೊಸದರ ಹಾಗಿದೆ."

"ಹಳದೀನೇ ಇತ್ತು ಟೀಚರ್! ನಾನೇ ಉಜ್ಜಿ ಬೆಳ್ಳಗೆ ಮಾಡ್ದೆ! ಮೂರು ಟ್ಯೂಬ್ ಟೂತ್‌ಪೇಸ್ಟ್!"

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನೇನು ಹೇಳಿದೆ ಎಂದು ಗೊತ್ತಾಯಿತು.

ಟೀಚರ್ ಅವನತ್ತ ಬಗ್ಗಿದರು. "ನೀನು ಯಾಕೆ ಉಜ್ಜಿದೆ ಬಂದುಲ?"

ಬಂದುಲ ಹಣೆಯನ್ನು ನೆಲಕ್ಕೆ ಒತ್ತಿದ.

"ಏಳರ ಮಗ್ಗೀನೂ ಬರ್ತಿರ್ಲಿಲ್ಲ, ಸುಳ್ಳೂ ಬರ್ತಿರ್ಲಿಲ್ಲ ನಿಂಗೆ. ಆದ್ರೂ ಈ ಲೈಟ್ ನಂಗೆ ಬೇಡ. ಕಳ್ಳನ ಮಾತು ನಂಬಿ ಇನ್ಯಾರದೋ ಲೈಟ್ ಹಾಕ್ಕೊಂಡ್ರೆ, ನಾಳೆ ಅವರು ಬಂದು ನಂಗೇ ಅರೀತಾರೆ. ಸರಿ, ಎದ್ದು ಆ ಕಡೆ ನಿಂತ್ಕೋ. ಹನ್ನೆರಡಾಗ್ತಾ ಬಂತು."

ಬಂದುಲ ಕಲ್ಲನ್ನೇ ತಬ್ಬಿಕೊಂಡ. ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತು. ಎರಡು ನಿಮಿಷ! ಯೋಚಿಸು ಟೆರಿ... ಪೊಲೀಸ್ ಬುದ್ಧಿ ಓಡಿಸು... ಸಾಕ್ಷಿ... ಸಾಕ್ಷಿ ಎಲ್ಲಿದೆ?

ಕಿವಿ!

"ಟೀಚರ್! ಕಾರಿನ ಹತ್ರ ಬನ್ನಿ! ಕೀಳೋವಾಗ ಇದರ ಕಿವಿ ಮುರಿದು ನಿಮ್ಮ ಕಾರಲ್ಲೇ ಉಳಿದಿದೆ. ಕೂಡಿಸಿ ನೋಡೋಣ. ಮುರಿದ ಜಾಗ ಸುಳ್ಳು ಹೇಳಲ್ಲ!"

ಖಾಲಿ ಗುಳಿಯಲ್ಲಿ ಸ್ಕ್ರೂಗೆ ಕಚ್ಚಿಕೊಂಡು ಉಗುರಿನಷ್ಟು ಪ್ಲಾಸ್ಟಿಕ್ ಚೂರು ಕೂತಿತ್ತು. ಲೈಟು ಒಳಗಿಟ್ಟೆ. ಮುರಿದ ಅಂಚು ಮುರಿದ ಅಂಚಿಗೆ ತಾಗಿತು. ಕೂದಲು ತೂರುವಷ್ಟು ಸಂದಿಲ್ಲ!

ಟೀಚರ್ ಬಗ್ಗಿ ನೋಡಿದರು. ಬೆರಳಿನಿಂದ ಸವರಿದರು. "ನಂದೇ," ಎಂದರು. ಅವರ ದನಿ ಮೆತ್ತಗಾಗಿತ್ತು. "ತಂಗಿಗೆ ಫೋನ್ ಮಾಡಿ ಹೇಳ್ಬೇಕು."

ನನಗೆ ನಿಜವಾಗಿಯೂ ಸಂತೋಷವಾಯಿತು ಸಾರ್. ನಾಲಿಗೆ ತಣ್ಣಗಾಯಿತು. ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣವೇ!

ಬಂಪರ್ ಎಳೆದುಕೊಂಡು ಮದುವೆ ಕಾರು ಬಂದು ನಿಂತಿತು. ವಿಜೇಮುನಿ ಕೈಯಲ್ಲಿ ಕೊನೆಯ ತೆಂಗಿನಕಾಯಿ ಹಿಡಿದು ಇಳಿದ. ನನ್ನನ್ನು ನೋಡಿದ. ಗುಡಿ ನೋಡಿದ. ಕೆಂಪು ರಾಶಿ ನೋಡಿದ. ಕದ್ದ ಲೈಟನ್ನು ಇಟ್ಟುಕೊಂಡವನು ತಾನೆಂದು ತಿಳಿಯಲು ಅವನಿಗೆ ಮೂರು ಸೆಕೆಂಡೂ ಬೇಕಾಗಲಿಲ್ಲ.

"ನಂಗೆ ಬೇಡಮ್ಮಾ ಆ ಲೈಟು! ಗೊತ್ತಿರ್ಲಿಲ್ಲ! ಮಗಳಾಣೆ!" ಎಂದವನೇ ಕಾಯಿಯನ್ನು ದೇವರಿಗೇ ಒಡೆದುಬಿಟ್ಟ.

ಬಂದುಲ ಗಲ್ಲಾಪೆಟ್ಟಿಗೆಯಿಂದ ತಂದಿದ್ದ ಅವನ ದುಡ್ಡು ಅವನಿಗೆ ಕೊಟ್ಟೆ. "ನಮ್ಮಪ್ಪನ ಲೈಟು ಬಿಚ್ಕೊಳ್ಳಾ?" ಎಂದೆ.

"ಮುಟ್ಟಬೇಡಿ! ಮುಹೂರ್ತದಲ್ಲಿ ಹೊರಟ ಗಾಡಿ. ಮೂರು ತಿಂಗಳು ಅದರ ಒಂದು ಸ್ಕ್ರೂನೂ ಬಿಚ್ಚೋ ಹಾಗಿಲ್ಲ."

ಹೋಗಲಿ ಎಂದುಕೊಂಡೆ. ಜೀವ ಉಳಿಯಿತಲ್ಲ. ತಿರುಗಿ ನೋಡಿದರೆ... ಟೀಚರ್ ಮತ್ತೆ ಕಲ್ಲಿನ ಮುಂದೆ ಕೂತಿದ್ದಾರೆ! ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಾರೆ!

"ಟೀಚರ್! ಲೈಟ್ ಸಿಕ್ತಲ್ಲ!"

"ಸಿಕ್ತಪ್ಪ. ಒಂದು ಕಿಲೋ ಮೆಣಸಿನಕಾಯಿ ತಂದಿದೀನಿ, ಈಗಿನ ರೇಟಲ್ಲಿ ಹಾಳು ಮಾಡೋಕಾಗುತ್ತಾ? ಹೋದ ವರ್ಷ ಯಾರೋ ನನ್ನ ಕಾರಿನ ಬಲಗಡೆ ಕನ್ನಡಿ ಕದ್ದಿದ್ರು. ಅವತ್ತಿಂದ ಬಚ್ಚಲುಮನೆ ಕನ್ನಡಿ ಕಟ್ಕೊಂಡು ಓಡಿಸ್ತಿದೀನಿ. ಅದನ್ನ ಕದ್ದೋನು, ಮಾರಿಸ್ದೋನು, ಇಟ್ಕೊಂಡೋನು..."

ನಾನು ಬಂದುಲನನ್ನು ನೋಡಿದೆ.

ಬಂದುಲ ಆಕಾಶ ನೋಡಿದ.

ನನ್ನ ಎರಡನೇ ರೂಲೂ ಅಲ್ಲಿಗೆ ಮುಗಿಯಿತು. "ಎಲ್ಲಿಂದ ತಂದಿದ್ಯೋ ಅದನ್ನ?" ಎಂದು ಮೊದಲ ಸಲ ಕೇಳಿದೆ.

"ಹಲ್ಲು ಡಾಕ್ಟರ್ ಮನೆಮುಂದೆ..." ಎಂದು ಪಿಸುಗುಟ್ಟಿದ. "ನಂಗೇನ್ಗೊತ್ತು, ಟೀಚರಿಗೆ ಅಷ್ಟು ಹುಳುಕು ಹಲ್ಲಿದೆ ಅಂತ!"

ಟೀಚರ್ ಗುಂಡುಕಲ್ಲು ಎತ್ತಿದರು.

"ಒಂದೇ ನಿಮಿಷ ಟೀಚರ್!" ಎಂದು ಕೂಗಿದೆ. "ಸ್ಕ್ರೂಡ್ರೈವರ್ ತರ್ತೀನಿ!"

ವಾಪಸ್ ಬರುವಾಗ ಗಾಡಿಗೆ ಒಂದೇ ಲೈಟು. ಹಿಂದಿನ ಗಾಜಿಲ್ಲ. ಕನ್ನಡಿಯೂ ಇಲ್ಲ. ಬೆನ್ನ ಹಿಂದೆ ಯಾರು ಬರುತ್ತಿದ್ದಾರೋ ಆ ದೇವರಿಗೇ ಗೊತ್ತು... ಯಾರಾದರೂ ಬರಲಿ ಸಾರ್, ಕೈಯಲ್ಲಿ ಮೆಣಸಿನಕಾಯಿ ಇಲ್ಲದಿದ್ದರೆ ಸಾಕು!